ಎರಡು ಶ್ರಾವಣ, ಒಂದು ತೊಟ್ಟಿಲು

ಹೆರಿಗೆ ಇಂಥ ದಿನವೇ ಆಗುತ್ತದೆ ಎಂದು ಯಾರಾದರೂ ಖಾತ್ರಿಯಿಂದ ಹೇಳಿದರೆ ನನಗೆ ಇವತ್ತಿಗೂ ನಗು ಬರುತ್ತದೆ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ಬಂದ ಒಂದು ಕೂಸನ್ನೂ ನಾನು ಕಾಣೆ. ಇದು ಬೇರೆಯವರಿಗಿಂತ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಇಡೀ ಓಣಿಗೆ ಇದ್ದ ಒಂದೇ ಒಂದು ಕಲಘಟಗಿ ತೊಟ್ಟಿಲು ನಮ್ಮ ಮನೆಯದು. ಬಸುರಿ ಇದ್ದ ಮನೆಯವರೆಲ್ಲ ಬಂದು, "ನಮ್ಮಾಕಿಗೆ ಇಂಥಾ ತಿಂಗಳದಾಗ ಐತ್ರಿ" ಎಂದು ಮೊದಲೇ ಹೇಳಿ ಇಡುತ್ತಿದ್ದರು.

ಅರಗಿನ ಬಣ್ಣದ ತೊಟ್ಟಿಲು ಅದು. ಕೆಂಪು ಹಲಗೆಯ ಮೇಲೆ ಹಸಿರು ಗಿಣಿಗಳು. ನನ್ನ ಅತ್ತೆ ಅದಕ್ಕೆ ಎರಡು ಕಟ್ಟಳೆ ಮಾಡಿದ್ದರು. ಒಂದು, ಖಾಲಿ ತೊಟ್ಟಿಲನ್ನು ತೂಗಬಾರದು. ಎರಡು, ಒಂದು ಮನೆಗೆ ಕೊಟ್ಟರೆ ಆ ಮನೆಯ ಕೂಸು ಬೋರಲು ಬೀಳುವ ತನಕ ತಿರುಗಿ ಕೇಳಬಾರದು, ಕೇಳಿದರೆ ಆ ಕೂಸಿಗೆ ಒಳ್ಳೆಯದಲ್ಲ.

ಮದುವೆಯಾಗಿ ಬಹಳ ವರ್ಷವಾದರೂ ನನಗೆ ಮಕ್ಕಳಿರಲಿಲ್ಲ. ತೊಟ್ಟಿಲು ಮನೆಯಲ್ಲಿದ್ದಾಗ, ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ, ಅದರ ಮಗ್ಗುಲಿಗೆ ಕೂತು ಗಿಣಿಗಳ ಧೂಳು ಒರೆಸುತ್ತಿದ್ದೆ. ಬೆಳಕಿಂಡಿಯಿಂದ ಬಿಸಿಲು ಜಾರಿ ಗಿಣಿಗಳ ಮೇಲೆ ಬಿದ್ದರೆ ಅವು ಅಲುಗಿದಂತೆ ಕಾಣುತ್ತಿದ್ದವು. ಕೈ ತಾನಾಗಿಯೇ ತೂಗಲು ಹೋಗುತ್ತಿತ್ತು. ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಎಂದಾದರೂ ಒಂದು ದಿನ ಇದರಲ್ಲಿ ನನ್ನ ಕೂಸು ಮಲಗಬೇಕು, ನಾನು ತೂಗಬೇಕು, ಇಷ್ಟೇ ನನ್ನ ಆಸೆ.

ವಕೀಲರ ತಾರೀಖು

ಓಣಿಯ ತುದಿಯ ಮನೆಯ ವಕೀಲರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ದವಾಖಾನೆಯ ಡಾಕ್ಟರಬಾಯಿ ಇಂಗ್ಲಿಷ್ ತಾರೀಖು ನೋಡಿ ಒಂದು ದಿನ ಹೇಳಿದರು. ವಕೀಲರಿಗೆ ಸಂಭ್ರಮವೋ ಸಂಭ್ರಮ. ಬೆಳಗಾವಿಯ ಬೀಗರಿಗೆ ಕಾಗದ ಬರೆದೇಬಿಟ್ಟರು. ತೊಟ್ಟಿಲನ್ನೂ ಮುಂಗಡವಾಗಿ ಒಯ್ದು ಪಡಸಾಲೆಯಲ್ಲಿ ಕಟ್ಟಿಸಿದರು.

ಹೇಳಿದ ದಿನಕ್ಕೆ ಬೀಗರು ಮನೆಮಂದಿಯೆಲ್ಲ ಬಂದಿಳಿದರು, ಕೂಸು ಮಾತ್ರ ಬರಲಿಲ್ಲ. ಬೀಗರು ದಿನಾ ಹೋಳಿಗೆ ಉಂಡು, ಎಲೆಅಡಿಕೆ ಹಾಕಿಕೊಂಡು, ಖಾಲಿ ತೊಟ್ಟಿಲನ್ನು ನೋಡುತ್ತ ಕೂತರು. ಕೊನೆಗೆ ಅದರಲ್ಲಿ ಮೊದಲು ಮಲಗಿದ್ದು ವಕೀಲರ ಮನೆಯ ಬೆಕ್ಕು. ಸುದ್ದಿ ಕೇಳಿ ನಮ್ಮ ಅತ್ತೆ ತೊಟ್ಟಿಲು ತೊಳೆಸಲು ಗೋಮೂತ್ರ ಕಳಿಸಿದರು.

ವಕೀಲರು ಸಿಟ್ಟಿನಿಂದ ದವಾಖಾನೆಗೆ ಹೋದರು. "ಏನ್ರಿ ಬಾಯಾರ, ನೀವು ಕೊಟ್ಟ ತಾರೀಖು ಸುಳ್ಳಾತಲ್ರಿ!"

ಡಾಕ್ಟರಬಾಯಿ ತಲೆ ಎತ್ತದೆಯೇ ಕೇಳಿದರಂತೆ: "ನೀವು ಕಕ್ಷಿದಾರರಿಗೆ ತಾರೀಖು ಹೇಳ್ತೀರಲ್ರಿ ವಕೀಲ್ರ, ಅವತ್ತ ಕೇಸು ಮುಗೀತದೇನ್ರಿ?"

ಮಿಸ್ತ್ರಿಯ ರಜೆ

ನಮ್ಮ ಎದುರು ಮನೆಯ ಮಿಸ್ತ್ರಿ ರೈಲ್ವೆ ಕಾರಖಾನೆಯಲ್ಲಿದ್ದ. ಎಂಜಿನ್ನಿನ ಸಪ್ಪಳ ಕೇಳಿಯೇ ಎಲ್ಲಿ ಕೆಟ್ಟಿದೆ ಎಂದು ಹೇಳುವವನು. ಅವನ ಹೆಂಡತಿ ರಂಜಾನಿನ ಚಂದ್ರನಿಂದ ಎಣಿಸಿ ಒಂದು ದಿನ ಹೇಳಿದ್ದಳು. ಕಾರಖಾನೆಯ ಭೋಂಗಾ ಹೊತ್ತಿಗೆ ಸರಿಯಾಗಿ ಕೂಗಿದಂತೆ ಹೆರಿಗೆಯೂ ಅವತ್ತೇ ಆಗುತ್ತದೆ ಎಂದು ನಂಬಿ ಮಿಸ್ತ್ರಿ ರಜೆ ಹಾಕಿ ಮನೆಯಲ್ಲಿ ಕೂತ.

ಕೂತವನು ಸುಮ್ಮನಿರಬೇಕಲ್ಲ! ಬಾಗಿಲು ತಿರುಗುವ ಬಿಜಾಗರಿ ಬಿಚ್ಚಿದ. ಗಡಿಯಾರ ಬಿಚ್ಚಿದ. ರಾಟೆ ಬಿಚ್ಚಿದ. ನಾಲ್ಕು ದಿನವಾದ ಮೇಲೆ ಆ ತುಂಬಿದ ಬಸುರಿ ನಮ್ಮ ಮನೆಗೆ ಬಂದು ಅಳುವ ಮುಖ ಮಾಡಿ ಹೇಳಿದಳು: "ಅಕ್ಕಾ, ಇವತ್ತ ನನ್ನ ಬೀಸೂಕಲ್ಲಿಗೂ ಎಣ್ಣಿ ಬಿಟ್ಟಾರ ನೋಡ್ರಿ! ರೊಟ್ಟಿ ಎಲ್ಲಾ ಎಂಜಿನ್ ವಾಸನಿ!"

ರಜೆ ಮುಗಿಯಿತು. ಮಿಸ್ತ್ರಿ ಕಾರಖಾನೆಗೆ ಹೋದ ದಿನವೇ, ಮಧ್ಯಾಹ್ನದ ಭೋಂಗಾ ಆಗುವುದರೊಳಗೆ ಗಂಡು ಹುಟ್ಟಿತು. ನಾನು ನೋಡಲು ಹೋದಾಗ ಅವಳು ಸುಸ್ತಾಗಿ ಮಲಗಿದ್ದಲ್ಲೇ ನಕ್ಕಳು. "ಹೊರಗ ಬಂದ್ರ ಅಪ್ಪ ನನ್ನೂ ಬಿಚ್ಚಿ ನೋಡ್ತಾನ ಅಂತ ಹೆದರಿತ್ತ್ರಿ ಅಕ್ಕಾ ಇದು."

ಅತ್ತೆಯ ಪಂಚಾಂಗ

ವಕೀಲರ ಮೊಮ್ಮಗು ಅಷ್ಟರಲ್ಲಿ ಬೋರಲು ಬಿದ್ದಿತ್ತು, ತೊಟ್ಟಿಲು ಮಿಸ್ತ್ರಿಯ ಮನೆಗೆ ಹೋಯಿತು. ಆಗ ನಾನೂ ಬಸುರಿ. ಅಷ್ಟು ವರ್ಷ ಕಾದು ಕಾದು, ಕೊನೆಗೂ. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ಎಂದು ಆಗಿತ್ತು. ಯುದ್ಧದ ಮಾತು ಪೇಟೆಯಲ್ಲೆಲ್ಲ ಕೇಳಿಬರುತ್ತಿದ್ದ ವರ್ಷ ಅದು. ನನಗೆ ಅದೊಂದೂ ಕಿವಿಗೆ ಬೀಳುತ್ತಿರಲಿಲ್ಲ. ಜಿಟಿಜಿಟಿ ಮಳೆಯಲ್ಲಿ ಪಡಸಾಲೆಯ ಕಂಬಕ್ಕೆ ಒರಗಿ, ಕಣ್ಣು ಅರ್ಧ ಮುಚ್ಚಿ, ಗಿಣಿಗಳ ಹಿಂಡಿನಲ್ಲಿ ತೇಲುತ್ತಿದ್ದೆ.

ಆ ವರ್ಷ ಶ್ರಾವಣ ಎರಡು ಬಂದವು. ಮೊದಲನೆಯದು ಅಧಿಕ, ಎರಡನೆಯದು ನಿಜ. ಅತ್ತೆ ನನ್ನ ತಿಂಗಳು ಎಣಿಸುವಾಗ ಅಧಿಕವನ್ನು ಬಿಟ್ಟೇಬಿಟ್ಟರು. "ಅಧಿಕದಾಗ ಮದಿವಿ ಇಲ್ಲ, ಮುಂಜಿವಿ ಇಲ್ಲ. ಯಾವುದಕ್ಕೂ ಲೆಕ್ಕಿಲ್ಲದ ತಿಂಗಳು ಬಸುರಿಗೆ ಮಾತ್ರ ಹೆಂಗ ಲೆಕ್ಕಕ್ಕ ಬರತೈತಿ? ಗಣಪ್ಪನ ಹಬ್ಬ ಆದ ಮ್ಯಾಲ ನಿನ್ನ ಹೆರಿಗಿ. ಅಷ್ಟರಾಗ ಮಿಸ್ತ್ರಿ ಮಗ ಬೋರಲ ಬೀಳ್ತಾನ, ತೊಟ್ಟಿಲ ಬರತೈತಿ."

ನಾನು ಮೆಲ್ಲಗೆ ಕೇಳಿದೆ: "ಹೊಟ್ಟ್ಯಾಗಿನ ಕೂಸಿಗೆ ಅಧಿಕ ಮಾಸ ಗೊತ್ತಾಕ್ಕೈತೇನ್ರಿ ಅತ್ತೀ?"

"ನಮ್ಮ ಮನಿತನದ ಕೂಸು ಅದು. ಗೊತ್ತಿಲ್ಲದ ಇರತೈತೇನ?"

ಗೊತ್ತಿರಲಿಲ್ಲ. ನಿಜ ಶ್ರಾವಣ ಇನ್ನೂ ಅರ್ಧವಾಗಿರುವಾಗಲೇ ನನಗೆ ಹೆಣ್ಣು ಹುಟ್ಟಿತು. ಕುಂಬಳಕಾಯಿಯಂಥ ಕೆನ್ನೆ, ಮಣಿಕಟ್ಟಿನಲ್ಲಿ ಮಡಿಕೆ ಮೇಲೆ ಮಡಿಕೆ. ಅತ್ತೆ ತಮ್ಮ ಲೆಕ್ಕ ಬಿಡಲಿಲ್ಲ. ನೋಡಲು ಬಂದವರಿಗೆಲ್ಲ ದನಿ ಇಳಿಸಿ, "ಎಂಟ ತಿಂಗಳಿಗೇ ಬಂದೈತ್ರಿ ಪಾಪ, ಭಾಳ ನಾಜೂಕ" ಎಂದು ಹೇಳಿ, ಗಾಳಿ ತಾಕದಂತೆ ದುಪ್ಪಟಿ ಸುತ್ತುತ್ತಿದ್ದರು.

ತೊಟ್ಟಿಲಿಗೆ ಹಾಕುವ ದಿನ ಬಂತು. ಮಿಸ್ತ್ರಿಯ ಮಗ ಇನ್ನೂ ಬೋರಲು ಬಿದ್ದಿರಲಿಲ್ಲ. ಅತ್ತೆ ತಮ್ಮ ಕಟ್ಟಳೆ ತಾವೇ ಮುರಿಯುವವರಲ್ಲ. ತೊಲೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿಸಿದರು. ಓಣಿಯ ಕೂಸುಗಳೆಲ್ಲ ಮಲಗಿದ ತೊಟ್ಟಿಲು ನನ್ನ ಕೂಸಿಗೇ ಇಲ್ಲವಾಯಿತಲ್ಲ ಎಂದು ನನಗೆ ದುಃಖ ತಡೆಯಲಿಲ್ಲ. ನೆರೆದ ಹೆಂಗಸರು ಗುಗ್ಗರಿ ತಿನ್ನುತ್ತಿದ್ದರು, ನಾನು ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಆಗ ಬಾಗಿಲಲ್ಲಿ ಗದ್ದಲ. ನೋಡಿದರೆ ಮಿಸ್ತ್ರಿಯೂ ಅವನ ತಮ್ಮನೂ ಬೊಂಬಿಗೆ ತೊಟ್ಟಿಲು ತೂಗುಹಾಕಿ, ಪಲ್ಲಕ್ಕಿಯಂತೆ ಹೆಗಲ ಮೇಲೆ ಹೊತ್ತು ಬರುತ್ತಿದ್ದಾರೆ. ಮಿಸ್ತ್ರಿಯ ಹೆಂಡತಿ ಜೊತೆಗೇ ಓಡುತ್ತ ಅದಕ್ಕೆ ಛತ್ರಿ ಹಿಡಿದಿದ್ದಾಳೆ. ಒಳಗೆ ಅವಳ ಮಗ ಗಾಢ ನಿದ್ದೆಯಲ್ಲಿದ್ದಾನೆ.

ಅತ್ತೆ ಗಾಬರಿಯಾದರು. "ಅಯ್ಯ, ಯಾಕ ತಂದ್ರಿ? ನಾ ತಿರುಗಿ ಕೇಳಿಲ್ಲಲ್ಲ!"

"ನೀವು ಕೇಳಿಲ್ಲ, ನಾವೂ ತಿರುಗಿ ಕೊಟ್ಟಿಲ್ರಿ ಅವ್ವಾರ," ಎಂದಳು ಅವಳು. "ನಮ್ಮ ಹುಡುಗ ಅದರಾಗ ಅದಾನ. ನಿಮ್ಮ ಮನಿಗೆ ಬಂದಾನ, ಅಷ್ಟ. ನಿಮ್ಮ ಮೊಮ್ಮಗಳಿಗೂ ಒಂಚೂರು ಜಾಗಾ ಕೊಡ್ತಾನ."

ಅತ್ತೆ ಒಂದು ಕ್ಷಣ ಯೋಚಿಸಿದರು. ಕಟ್ಟಳೆ ಎಲ್ಲಿಯೂ ಮುರಿದಿರಲಿಲ್ಲ. "ಹಂಗಿದ್ರ ಆತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ತೊಟ್ಟಿಲನ್ನು ತೊಲೆಗೆ ಕಟ್ಟಿದರು. ನನ್ನ ಮಗಳನ್ನು ಹುಡುಗನ ಮಗ್ಗುಲಿಗೆ ಮಲಗಿಸಿದೆ. ಅತ್ತೆ "ಹಗೂರಕ, ಹಗೂರಕ! ದಿನಾ ತುಂಬಲಾರದ ಕೂಸದು" ಎಂದು ಕೂಗುತ್ತಲೇ ಇದ್ದರು. ನಾನು ಕೈ ಚಾಚಿ ತೂಗಿದೆ. ಈ ಸಲ ಕೈ ಹಿಂದಕ್ಕೆ ತೆಗೆಯಬೇಕಾಗಿರಲಿಲ್ಲ. ಹಸಿರು ಗಿಣಿಗಳು ಖರೇನೇ ಅಲುಗಿದವು. ನನ್ನ ಕಣ್ಣಿಗೆ ಮನೆ, ಮಂದಿ, ಮಳೆ ಎಲ್ಲ ಮಸುಕಾಗಿ, ಆ ಗಿಣಿಗಳಷ್ಟೇ ಹೋಗಿ ಬಂದು ಮಾಡುತ್ತಿದ್ದವು.

ಮಿಸ್ತ್ರಿ ಹೊಸ್ತಿಲಲ್ಲೇ ನಿಂತು ಹೆಗಲು ತಿಕ್ಕಿಕೊಳ್ಳುತ್ತಿದ್ದ. ತೂಗಿದಾಗೊಮ್ಮೆ ಸರಪಳಿ ನರಳುವುದನ್ನು ಕಿವಿಗೊಟ್ಟು ಕೇಳಿದ. ಇಣುಕಿ ನೋಡಿದ. ಅವನ ಮಗ ಪಾಪ ಒಂದು ಮೂಲೆಗೆ ಒತ್ತಿಕೊಂಡಿದ್ದ, ಉಳಿದ ತೊಟ್ಟಿಲೆಲ್ಲ ನನ್ನ ಮಗಳದಾಗಿತ್ತು.

"ಅವ್ವಾರ," ಎಂದ ಮಿಸ್ತ್ರಿ ಬಹಳ ವಿನಯದಿಂದ, "ದಿನಾ ತುಂಬದನ ಹಿಂಗ ಅದಾಳ. ತುಂಬಿ ಬಂದಿದ್ರ ತೊಟ್ಟಿಲಾ ಹೊರಾಕ ನಾವ್ಯಾಕ ಬೇಕಿತ್ರಿ? ಆಕೀನ ನಮ್ಮ ಮನಿಗೆ ಬಂದು ಹೊತ್ಕೊಂಡು ಹೋಗ್ತಿದ್ಲು!"