ಎರಡು ದೇಶದ ಡಬ್ಬಿ, ಒಬ್ಬನೇ ಗಂಡ

ಲೋಕದಲ್ಲಿ ಗಂಡಂದಿರನ್ನು ಕೆಡಿಸಲು ಇಸ್ಪೀಟು, ಹೆಂಡ, ರಾಜಕೀಯ ಮುಂತಾದ ನಾನಾ ಉಪಾಯಗಳಿವೆ. ನನ್ನ ಗಂಡ ಇವ್ಯಾವುದಕ್ಕೂ ಬಗ್ಗಿದವರಲ್ಲ. ಅವರನ್ನು ಕೆಡಿಸಿದವರು ಬ್ರಿಟಿಷರು. ದೇಶಕ್ಕೆ ದೇಶವೇ ಸೇರಿ ಓಡಿಸಿದ ಆ ಜನ, ಇಷ್ಟು ಕಾಲದ ಮೇಲೆ ಶಿಕಾರಿಪುರದ ನಮ್ಮ ಮನೆಯ ಟೀವಿ ಸ್ಟ್ಯಾಂಡಿನ ಕೆಳಗಿನ ಖಾನೆಗೆ ಬಂದು ಠಿಕಾಣಿ ಹೂಡಿದರು. ಅವರನ್ನು ಓಡಿಸುವ ಹೋರಾಟದಲ್ಲಿ ನಾನೊಬ್ಬಳೇ.

ನಮ್ಮವರಿಗೆ ಬೀಜ, ಗೊಬ್ಬರದ ಅಂಗಡಿ ಇದೆ. ಹೆಸರು ಮಹೇಶ್ವರಪ್ಪ. (ಬರೆಯಲು ಅಡ್ಡಿಯಿಲ್ಲ, ಬಾಯಿಬಿಟ್ಟು ಮಾತ್ರ ಹೇಳುವುದಿಲ್ಲ.) ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಲೆಕ್ಚರರ್ ಆಗುತ್ತೇನೆಂದು ಕುಣಿಯುತ್ತಿದ್ದವರನ್ನು ನಮ್ಮ ಮಾವನವರು ಕಿವಿ ಹಿಡಿದು ಯೂರಿಯಾ ಮೂಟೆಯ ಮೇಲೆ ಕೂರಿಸಿದರಂತೆ. ಆ ಇಂಗ್ಲಿಷು ಅರಗದೆ ಹೊಟ್ಟೆಯಲ್ಲೇ ಉಳಿದು ಆಗಾಗ ತೇಗಿನಲ್ಲಿ ಬರುತ್ತಿತ್ತು. ಹೀಗಿರುವಾಗ ಶಿವಮೊಗ್ಗದಲ್ಲಿ ಹಳೆಯ ವಿಡಿಯೊ ಲೈಬ್ರರಿಯೊಂದು ಮುಚ್ಚಿತು. ಈಗ ಯಾರು ಡಿವಿಡಿ ನೋಡುತ್ತಾರೆ? ಆ ಮಾಲೀಕ, "ಗುಜರಿಗೆ ಹಾಕೋ ಬದಲು ನೀವೇ ಒಯ್ಯಿರಿ" ಎಂದು ಇಂಗ್ಲಿಷ್ ಧಾರಾವಾಹಿಗಳ ಡಬ್ಬಿಗಳನ್ನೆಲ್ಲ ನಮ್ಮವರಿಗೂ ಅವರ ಷಡ್ಡಕರಿಗೂ ದಾನ ಮಾಡಿಬಿಟ್ಟ. ಷಡ್ಡಕರೆಂದರೆ ನನ್ನ ತಂಗಿ ಸರ್ವಮಂಗಳನ ಗಂಡ ಸಂಗಮೇಶ್. ಸೊರಬದಲ್ಲಿ ಪಂಪ್‌ಸೆಟ್ ಅಂಗಡಿ.

ಇಬ್ಬರೂ ಅದನ್ನು ಪಿತ್ರಾರ್ಜಿತ ಆಸ್ತಿಯಂತೆ ಹಿಸ್ಸೆ ಮಾಡಿಕೊಂಡರು. ಬ್ರಿಟನ್ ಶಿಕಾರಿಪುರದ ಖಾತೆಗೆ, ಅಮೆರಿಕ ಸೊರಬದ ಖಾತೆಗೆ. ಪಹಣಿ ಒಂದು ಬರೆಸಲಿಲ್ಲ, ಅಷ್ಟೆ.

ಅಲ್ಲಿಂದ ಶುರುವಾಯಿತು ಫೋನಿನಲ್ಲಿ ಯುದ್ಧ. "ನೋಡ್ರೀ ಸಂಗಮೇಶ್, ಬ್ರಿಟಿಷರು ಆರು ಕಂತಲ್ಲಿ ಕಥೆ ಮುಗಿಸಿ ಎದ್ದು ಹೋಗ್ತಾರೆ. ನಿಮ್ಮೋರಿಗೆ ಮುಗಿಸೋದೇ ಗೊತ್ತಿಲ್ಲ. ಅದೇ ಕಥೆ ಬ್ರಿಟಿಷರ ಹತ್ರ ಇಸ್ಕೊಂಡು ಒಂಬತ್ತು ವರ್ಷ ಎಳೆದಾರೆ!" ಎಂದು ಇವರು. "ಜನ ನೋಡ್ತಾರೆ, ಎಳೀತಾರೆ. ನಿಮ್ಮೋರದ್ದು ಆರನೇ ಕಂತಿಗೇ ಉಸಿರು ಹೋಗ್ತದೆ" ಎಂದು ಅವರು. ಡಬ್ಬಿಯ ವಿಚಾರದಲ್ಲೂ ಇದೇ ಜಗಳ. ಬ್ರಿಟನ್ನಿನ ಡಬ್ಬಿ ಪಂಚಾಂಗದಷ್ಟು ತೆಳು, ಒಳಗೆ ಎರಡು ಡಿವಿಡಿ ತಟ್ಟೆ, ಮೇಲೆ 'ಸಂಪೂರ್ಣ' ಎಂಬ ಬರಹ. ಕಥೆಯ ಜೊತೆಗೆ ಕೊಸರಾಗಿ ಕೊಡುವ ಹೆಚ್ಚಿನ ಸರಕು ಅಂತ ಹುಡುಕಿದರೆ ನಟರ ನಾಲ್ಕು ಫೋಟೊ, ಅದರಲ್ಲೂ ಯಾರೂ ನಕ್ಕಿಲ್ಲ. ಅಮೆರಿಕದ್ದು ಒಂದೊಂದು ವರ್ಷಕ್ಕೆ ಒಂದೊಂದು ಇಟ್ಟಿಗೆ. ಅದರ ಹೆಚ್ಚಿನ ಸರಕಿನ ವಿಷಯ ಆಗ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನೂ ಇವರ ಜೊತೆ ಕೂತು ಬ್ರಿಟನ್ ನೋಡಿದೆ. ಅದೊಂದು ಸುಂದರವಾದ ಹಳ್ಳಿ. ಗುಲಾಬಿ ಗಿಡ, ಚರ್ಚು, ಜಿನುಗು ಮಳೆ. ಪ್ರತಿ ಕಂತಿಗೂ ಅಲ್ಲೊಂದು ಕೊಲೆ. ಪೊಲೀಸಿನವನು ಬರುತ್ತಾನೆ, ಹೆಣ ನೋಡುತ್ತಾನೆ, ಚಹಾ ಕುಡಿಯುತ್ತಾನೆ. ವಾರಕ್ಕೊಂದು ಹೆಣ ಬಿದ್ದರೂ ಯಾರೂ ಊರು ಬಿಡುವುದಿಲ್ಲ, ಧ್ವನಿ ಕೂಡ ಏರಿಸುವುದಿಲ್ಲ. ಗಂಡ ಸತ್ತ ಹೆಂಗಸು, "ಸ್ವಲ್ಪ ಬೇಸರದ ಸಂಗತಿ, ಸಕ್ಕರೆ ಎಷ್ಟು ಹಾಕಲಿ?" ಎನ್ನುತ್ತಾಳೆ. ನಮ್ಮ ಬೀದಿಯಲ್ಲಿ ಕೋಳಿ ಸತ್ತರೆ ಇದಕ್ಕಿಂತ ಹೆಚ್ಚು ಅಳುತ್ತಾರೆ.

ಇದನ್ನು ನೋಡಿ ನೋಡಿ ನಮ್ಮವರಿಗೂ ಅದೇ ಅಂಟಿಕೊಂಡಿತು. ಬದುಕಿನಲ್ಲಿ ಯಾವುದಕ್ಕೂ 'ಚೆನ್ನಾಗಿದೆ' ಎನ್ನುವುದನ್ನು ಬಿಟ್ಟರು. ಎಣ್ಣೆಗಾಯಿ ಹೇಗಿದೆ ಅಂದರೆ "ಪರವಾಗಿಲ್ಲ." ಹೊಸ ಸೀರೆ ಅಂದರೆ "ಅಷ್ಟೇನೂ ಕೆಟ್ಟದಾಗಿಲ್ಲ." ನಾನು ಸಿಟ್ಟಿಗೆದ್ದು ಕೂಗಿದರೆ ಕಿಟಕಿಯ ಹೊರಗೆ ನೋಡಿ, "ಮೋಡ ಆಗೈತೆ, ಅಲ್ವಾ?" ಎನ್ನುವರು. ಅಂಗಡಿಯಲ್ಲೂ ಅದೇ ರಾಗ. ಗುಡ್ಡಪ್ಪ ಎಂಬ ರೈತ, "ಈ ಮೆಕ್ಕೆಜೋಳದ ಬೀಜ ಹೆಂಗ್ರೀ ಸಾವ್ಕಾರ್ರೆ?" ಎಂದು ಕೇಳಿದ್ದಕ್ಕೆ, "ಇದಕ್ಕಿಂತ ಕೆಟ್ಟದ್ದನ್ನೂ ನೋಡೀನಿ" ಎಂದರಂತೆ. ಗುಡ್ಡಪ್ಪ ಕೈಮುಗಿದು ಎದುರಂಗಡಿಗೆ ನಡೆದ.

ಇಷ್ಟನ್ನೂ ಹೇಗೋ ಸಹಿಸಿದೆ. ಸಹಿಸಲಾಗದ್ದು ನಡೆದದ್ದು ಮಗಳ ವಿಚಾರದಲ್ಲಿ. ನಮ್ಮ ಶರಣ್ಯ ಇಲ್ಲೇ ಸಹಕಾರಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಹಿರೇಕೆರೂರಿನ ಕಡೆಯವರು ನೋಡಲು ಬಂದರು. ಹುಡುಗನ ತಂದೆ ಸಹಜವಾಗಿ, "ಮಗಳ ಸ್ವಭಾವ ಹೇಗ್ರಿ?" ಎಂದು ಕೇಳಿದರು. ನಮ್ಮವರು ಕಾಲಿನ ಮೇಲೆ ಕಾಲು ಹಾಕಿ, ಬಹಳ ಹೊತ್ತು ಯೋಚಿಸಿ, "ಮನೆಯಲ್ಲಿ ಇದುವರೆಗೂ ಅಂಥ ದೊಡ್ಡ ತೊಂದರೆ ಏನೂ ಆಗಿಲ್ಲ" ಎಂದರು. ಬಂದವರು ಕಾಫಿ ಅರ್ಧ ಬಿಟ್ಟು ಎದ್ದರು. ಆಮೇಲೆ ಸುದ್ದಿ ಬಂತು, ಹುಡುಗಿಗೆ ಏನೋ ಐಬಿದೆ, ಪಾಪ, ತಂದೆ ಬಾಯಿಬಿಟ್ಟು ಹೇಳಲಾರದೆ ಒದ್ದಾಡುತ್ತಿದ್ದರು ಎಂದು.

ಅದೇ ವಾರ ಆನವಟ್ಟಿಯಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಗುರುಪ್ರಕಾಶ್, ಔಷಧಿ ಅಂಗಡಿ ಇಟ್ಟಿದ್ದಾನೆ. ಫೋಟೊ ನೋಡಿ ಶರಣ್ಯ, "ಪರವಾಗಿಲ್ಲ" ಎಂದಳು. (ಅಪ್ಪನ ಮಗಳು.) ಆದರೆ ಫೋಟೊವನ್ನು ನನಗೆ ವಾಪಸು ಕೊಡಲಿಲ್ಲ. ತಾಯಿಗೆ ಅಷ್ಟು ಸಾಕು. ಈ ಸಂಬಂಧ ತಪ್ಪಿದರೆ ನಾನು ಬ್ರಿಟನ್ನಿನ ಮೇಲೆ ಸೀಮೆಎಣ್ಣೆ ಸುರಿಯುವವಳೇ ಎಂದು ನಿಶ್ಚಯಿಸಿ ತಂಗಿಗೆ ಫೋನ್ ಮಾಡಿದೆ.

"ನಿನ್ನ ಗಂಡನೇ ವಾಸಿ ಕಣಕ್ಕ, ಸುಮ್ಮನಾದ್ರೂ ಇರ್ತಾರೆ" ಎಂದು ಅವಳೇ ಗೋಳಾಡಿದಳು. "ನಮ್ಮನೆಯವ್ರಿಗೆ ಎಲ್ಲಾದೂ ಅದ್ಭುತ! ಉಪ್ಪಿಟ್ಟು ಅದ್ಭುತ, ನೀರು ಅದ್ಭುತ. ಮೊನ್ನೆ ಅಪ್ಪ ಬಂದ್ರೆ ಬಾಗಿಲಲ್ಲೇ ತಬ್ಬಿಕೊಂಡ್ರು. ಅಪ್ಪ ಹೆದರಿ ಜೇಬು ಮುಟ್ಟಿ ನೋಡ್ಕೊಂಡ್ರು!"

ನನ್ನ ತಲೆಯಲ್ಲಿ ದೀಪ ಹೊತ್ತಿತು. "ಸರ್ವೀ, ಡಬ್ಬಿ ಅದಲುಬದಲು ಮಾಡೋಣ. ನಿನ್ನವರು ಸ್ವಲ್ಪ ತಣ್ಣಗಾಗ್ಲಿ, ನಮ್ಮವರು ಸ್ವಲ್ಪ ಬಿಸಿಯಾಗ್ಲಿ."

ಗಂಡಂದಿರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಅಮೆರಿಕ ನಿಮಗೆ ಅರ್ಥ ಆಗಲ್ಲ ಅಂದ್ರಂತೆ ಸಂಗಮೇಶ್" ಎಂದು ಒಂದು ಕಡ್ಡಿ ಗೀರಿದೆ. ಅವಳು ಆ ಕಡೆ ಇನ್ನೊಂದು ಗೀರಿದಳು. ಬ್ರಿಟನ್ನನ್ನು ಅಕ್ಕಿಚೀಲಕ್ಕೆ ತುಂಬಿ ಸೊರಬದ ಬಸ್ಸಿನ ಡ್ರೈವರ್ ಕೈಗೆ ಕೊಟ್ಟೆ. ಸಂಜೆಯ ಬಸ್ಸಿಗೆ ಅಮೆರಿಕ ಬಂದಿಳಿಯಿತು, ಎರಡು ಚೀಲ.

ಅಮೆರಿಕದಲ್ಲಿ ಏನಿದೆ? ಒಂದು ಸೋಫಾ, ಅದರ ಮೇಲೆ ಕೆಲಸ ಕಾರ್ಯವಿಲ್ಲದ ಆರು ಜನ. ಯಾರೂ ಅಡುಗೆ ಮಾಡುವುದಿಲ್ಲ, ಪೊಟ್ಟಣದಿಂದ ತಿನ್ನುತ್ತಾರೆ. ಒಬ್ಬ ಬಾಗಿಲು ತೆರೆದರೆ ಹಿಂದಿನಿಂದ ನೂರು ಜನ ನಗುತ್ತಾರೆ. (ನಗುವುದಕ್ಕೂ ಕೂಲಿಯವರನ್ನು ಇಟ್ಟುಕೊಂಡ ಶ್ರೀಮಂತ ದೇಶ.) ಜಗಳ, ಅಳು, ತಬ್ಬಿಕೊಳ್ಳುವುದು, ಮತ್ತೆ ಸೋಫಾ. ನಮ್ಮ ಸಂಜೆಯ ಧಾರಾವಾಹಿಗಳೇ ಇವು, ಕುಂಕುಮ ಒಂದಿಲ್ಲ.

ಆದರೆ ಮದ್ದು ನಾಟಿತು. ನಮ್ಮವರು ಬ್ರಿಟಿಷರನ್ನು ಮರೆತದ್ದು ನೋಡಿದರೆ ಸ್ವಾತಂತ್ರ್ಯ ಹೋರಾಟಗಾರರಿಗೇ ನಾಚಿಕೆಯಾಗಬೇಕು. ಒಂದು ಬೆಳಿಗ್ಗೆ ರೊಟ್ಟಿ ಮುರಿದು ಬಾಯಿಗಿಟ್ಟು, "ರಾಜೇಶ್ವರೀ, ಅದ್ಭುತ!" ಎಂದು ಕೂಗಿದರು. ಎಷ್ಟು ವರ್ಷದಿಂದ ಕಾದಿದ್ದ ಮಾತು! ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಳ್ಳುವಷ್ಟರಲ್ಲಿ ಉಪ್ಪಿನ ಡಬ್ಬಿಗೂ ಅದ್ಭುತ ಎಂದರು. ಸಿಲಿಂಡರ್ ತಂದವನಿಗೂ ಎಂದರು. ಇರಲಿ, ಮಗಳಿಗೂ ಎನ್ನುತ್ತಾರಲ್ಲ, ಅದೇ ನನಗೆ ಬೇಕಾಗಿದ್ದದ್ದು.

ಇನ್ನೊಂದು ಬದಲಾವಣೆಯನ್ನು ನಾನು ಗಮನಿಸಿದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಥೆ ಮುಗಿದರೂ ತಟ್ಟೆ ಮುಗಿಯುತ್ತಿರಲಿಲ್ಲ. "ಇವಾಗ ಐತೆ ನೋಡು ಮಜಾ" ಎಂದು ಇವರು ಮುಂದಕ್ಕೆ ಹೋಗುತ್ತಿದ್ದರು. ನಟರು ಮಾತು ತಪ್ಪಿ ನಕ್ಕದ್ದು, ಕತ್ತರಿಸಿ ಬಿಸಾಡಿದ ದೃಶ್ಯಗಳು, ತೆರೆಯ ಹಿಂದೆ ಹೇಗೆ ಮಾಡಿದರು ಎಂಬ ವರ್ಣನೆ, ಎಲ್ಲವನ್ನೂ ಡಬ್ಬಿಯೊಳಗೇ ಇಟ್ಟು ಮಾರಿದ್ದರು. ಬ್ರಿಟಿಷರು ಮನೆಯ ಬಾಗಿಲು ಮುಚ್ಚಿಕೊಂಡು ಬದುಕುವ ಜನ. ಇವರು ಬಚ್ಚಲುಮನೆಯನ್ನೂ ತೋರಿಸುವ ಜನ. ಈ ವ್ಯತ್ಯಾಸ ನನಗೆ ಹೊಳೆಯಲಿಲ್ಲ.

ಆನವಟ್ಟಿಯವರು ಬರುವ ದಿನ ಹೋಳಿಗೆ ಎಂದು ನಿರ್ಧರಿಸಿದೆ. ನನ್ನ ಹೋಳಿಗೆಗೆ ಬಳಗದಲ್ಲಿ ಹೆಸರಿದೆ. ಆದರೆ ಅಂದು ಕಣಕ ಗಟ್ಟಿಯಾಯಿತೋ, ಹೂರಣ ನೀರಾಯಿತೋ, ಮೊದಲನೆಯದು ಹರಿಯಿತು, ಎರಡನೆಯದು ಹಂಚಿಗೇ ಅಂಟಿತು, ಮೂರನೆಯದಕ್ಕೆ ಆಕಾರವೇ ಇರಲಿಲ್ಲ. ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಕೊನೆಗೆ ನಾನೇ ಅವರನ್ನು ಅಟ್ಟಿ, ತೋಟಪ್ಪನ ಹೋಳಿಗೆ ಅಂಗಡಿಯಿಂದ ತರಿಸಿ, ಪೊಟ್ಟಣ ಹರಿದು ಒಲೆಗೆ ಹಾಕಿ, ಹೋಳಿಗೆಗಳನ್ನು ನಮ್ಮ ಡಬ್ಬಿಗೆ ಜೋಡಿಸಿದೆ.

ಬಂದವರು ಸಜ್ಜನರು. ಹುಡುಗನ ತಂದೆ ಮಲ್ಲೇಶಪ್ಪ ಮಿತಭಾಷಿ, ತಾಯಿ ನಗುಮುಖ. ಗುರುಪ್ರಕಾಶ್ ಶರಣ್ಯನ ಕಡೆ ನೋಡಿದ, ಅವಳು ಅವನ ಕಡೆ ನೋಡಿದಳು, ಇಬ್ಬರೂ ಫ್ಯಾನ್ ನೋಡಿದರು. ನಮ್ಮವರು, "ನನ್ನ ಮಗಳು ಅದ್ಭುತ ರೀ!" ಎಂದು ಮೊದಲೇ ಘೋಷಿಸಿದರು. ನನ್ನ ಎದೆ ತಣ್ಣಗಾಯಿತು.

ಹುಡುಗನ ತಾಯಿ ಹೋಳಿಗೆ ಮುರಿದು, "ಎಷ್ಟು ಮೆತ್ತಗೆ ಆಗ್ಯಾವ್ರೀ! ಯಾರು ಮಾಡಿದ್ದು?" ಎಂದರು.

"ಎಲ್ಲಾ ನಮ್ಮ ಶರಣ್ಯಾನೇ. ನಾನು ಒಲೆ ಹತ್ರಾನೂ ಹೋಗಿಲ್ಲ" ಎಂದೆ. (ಇದು ಸುಳ್ಳಲ್ಲ, ಮಂತ್ರ. ನನ್ನನ್ನು ನೋಡಲು ಬಂದಾಗ ನಮ್ಮವ್ವ ಹೇಳಿದ್ದಳು, ಅವಳನ್ನು ನೋಡಲು ಬಂದಾಗ ಅವಳವ್ವ.)

ನಮ್ಮವರು ಕುರ್ಚಿಯಿಂದ ಮುಂದಕ್ಕೆ ಸರಿದರು. ಕಣ್ಣಲ್ಲಿ ಅಮೆರಿಕದ ಹೊಳಪು. "ಅದರ ತೆರೆಯ ಹಿಂದಿನ ಕಥೆ ಭಾರೀ ಮಜಾ ಐತೆ, ಕೇಳ್ರಿ!"

"ರೀ, ಕಾಫಿ ಆರ್ತದೆ" ಎಂದೆ. ಕಣ್ಣು ಬಿಟ್ಟೆ. ಕಾಲು ತುಳಿದೆ.

"ನೋಡ್ರಿ, ಈಗ ಇವಳು ನನ್ನ ಕಾಲು ತುಳಿದಳು!" ಎಂದು ಅದನ್ನೂ ವಿವರಿಸಿದರು. "ಮೊದಲನೇ ಹೋಳಿಗೆ ಹರಿದೇ ಹೋಯ್ತು. ಎರಡನೇದು ಹಂಚು ಬಿಡಲ್ಲ ಅಂತು. ಇವಳು ಚಮಚ ತಗೊಂಡು ಕೆರೀತಾಳೆ, ಕೆರೀತಾಳೆ! ಮೂರನೇದು ಕಪ್ಪೆ ಕೂತಂಗೆ ಇತ್ತು. ಶರಣ್ಯ ಪಾಪ, ಬ್ಯಾಂಕಿಂದ ಈಗಷ್ಟೇ ಬಂದಾಳೆ, ಅವಳಿಗೆ ಬೇಳೆ ಬೇಯ್ಸೋದೂ ಬರಲ್ಲ. ನೀವು ತಿಂತಿರೋದು ತೋಟಪ್ಪನ ಅಂಗಡೀದು. ಅದ್ಭುತ ಅಲ್ಲವಾ?"

ಶರಣ್ಯನ ಮುಖ ಬಿಳಿಚಿಕೊಂಡಿತು. ನೆಲ ಬಾಯಿಬಿಟ್ಟಿದ್ದರೆ ನಾನು ತಟ್ಟೆ ಸಮೇತ ಇಳಿಯುತ್ತಿದ್ದೆ. ಆಗ ಹುಡುಗನ ತಾಯಿಯ ಹೊಟ್ಟೆ ಕುಲುಕತೊಡಗಿತು. ಅವರು ನಕ್ಕರು, ಮಲ್ಲೇಶಪ್ಪ ನಕ್ಕರು, ಗುರುಪ್ರಕಾಶ್ ಕಣ್ಣೊರೆಸಿಕೊಂಡು ನಕ್ಕ. ಥೇಟು ಅಮೆರಿಕದ ಕೂಲಿ ನಗು, ನಿಲ್ಲಲೇ ಇಲ್ಲ.

"ಏನೂ ಮುಚ್ಚಿಡದ ಮನೆ ಸಿಗೋದು ಈ ಕಾಲದಾಗ ಕಷ್ಟ ಬಿಡ್ರಿ. ನಮಗೆ ಒಪ್ಪಿಗೆ" ಎಂದರು ಮಲ್ಲೇಶಪ್ಪ.

"ನಮ್ಮ ಬೀಗರು ಬಂಗಾರದಂಥೋರು" ಎಂದರು ಅವರ ಹೆಂಡತಿ. ಬೀಗಿತಿಯ ಬಗ್ಗೆ ಏನೂ ಹೇಳಲಿಲ್ಲ. ನನ್ನ ಕಡೆ ನೋಡಿ ಒಂದು ಥರಾ ಮುಗುಳ್ನಕ್ಕರು.

ಸಂಬಂಧ ಕೂಡಿತು. ಆದರೆ ಈ ಗಂಡನನ್ನು ಹೀಗೇ ಬಿಟ್ಟರೆ ನಿಶ್ಚಿತಾರ್ಥದ ದಿನ ಇನ್ನೇನೇನು ಬಿಚ್ಚಿಡುತ್ತಾರೋ! ನನ್ನ ಕೂದಲಿನ ಬಣ್ಣದ ತೆರೆಯ ಹಿಂದಿನ ಕಥೆಯೂ ಇದೆಯಲ್ಲ. ಮರುದಿನವೇ ಅಮೆರಿಕವನ್ನು ಚೀಲಕ್ಕೆ ತುಂಬಿ ಬಸ್ಸಿಗೆ ಹಾಕಿ ಬ್ರಿಟನ್ನನ್ನು ವಾಪಸು ತರಿಸಿದೆ. "ಇವ್ರನ್ನ ಬೇಗ ಸರಿ ಮಾಡು ಅಮೆರಿಕಾ" ಎಂದು ಸರ್ವಮಂಗಳನೂ ಚೀಲ ಬರಮಾಡಿಕೊಂಡಳು. ಸಂಗಮೇಶ್ ಅಷ್ಟರಲ್ಲೇ ಗಿರಾಕಿಗಳಿಗೆ, "ಈ ಮೋಟರು ನೀರೆತ್ತಿದರೂ ಎತ್ತೀತು" ಎನ್ನತೊಡಗಿದ್ದರಂತೆ.

ನಿಶ್ಚಿತಾರ್ಥಕ್ಕೆ ನಾನೊಂದು ಹಟ ಹಿಡಿದೆ. ಹೋದ ಮಾನವನ್ನು ಹೋಳಿಗೆಯಿಂದಲೇ ತರಬೇಕು. ಹಿಂದಿನ ದಿನವೇ ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಕಣಕ ನಾದಿ, ಯಾರನ್ನೂ ಒಲೆಯ ಹತ್ತಿರ ಬಿಡದೆ ಒಬ್ಬಳೇ ಮಾಡಿದೆ. ಬೆನ್ನು ಬಿದ್ದುಹೋಯಿತು. ಆದರೆ ಏನು ಹೋಳಿಗೆ! ರೇಷ್ಮೆಯಂತೆ ಮಡಚಿದರೂ ಹರಿಯುತ್ತಿರಲಿಲ್ಲ. ನಮ್ಮವರು ಬಾಗಿಲಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೂ ನೋಡಿದರು.

ಪಂಕ್ತಿಯಲ್ಲಿ ಬೀಗಿತಿ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಆಹಾ! ತೋಟಪ್ಪನ ಕೈ ಇನ್ನೂ ಸುಧಾರಿಸೈತೆ ನೋಡ್ರಿ!"

"ಅಯ್ಯೋ, ಇದು ನಾನೇ ಮಾಡಿದ್ದು!" ಎಂದೆ.

ಸಾಲಿನ ಆ ತುದಿಯಿಂದ ಈ ತುದಿಯವರೆಗೆ ನಗು ಹೊರಳಿತು. "ಬೀಗಿತಿಯವರು ಭಾಳ ತಮಾಷೆ" ಎಂದರು ಯಾರೋ. "ಒಲೆ ಹತ್ರ ಈ ಸಲ ಹೋಗಿದ್ರೇನ್ರಿ?" ಎಂದರು ಇನ್ಯಾರೋ.

"ದೇವರಾಣೆ ರೀ! ಬೇಕಾದ್ರೆ ಇವರನ್ನೇ ಕೇಳ್ರಿ, ನಿಂತು ನೋಡಿದಾರೆ." ಬೀಗರು ಎಲ್ಲರೂ ನಮ್ಮವರ ಕಡೆ ತಿರುಗಿದರು. ಏನೂ ಮುಚ್ಚಿಡದ ಮನುಷ್ಯ ಎಂದು ಊರಿಗೇ ಗೊತ್ತು. "ರೀ, ಹೇಳ್ರೀ! ತೆರೆಯ ಹಿಂದಿನ ಕಥೆ ಹೇಳ್ರೀ!" ಎಂದು ನಾನೇ ಅಂಗಲಾಚಿದೆ.

ನಮ್ಮವರು ಕರವಸ್ತ್ರದಿಂದ ತುಟಿ ಒತ್ತಿಕೊಂಡರು. ಕಿಟಕಿಯ ಹೊರಗೆ ನೋಡಿದರು.

"ಮೋಡ ಆಗೈತೆ, ಅಲ್ವಾ?" ಎಂದರು.

ಬೀಗರೆಲ್ಲ ಅರ್ಥವಾದವರಂತೆ ತಲೆಯಾಡಿಸಿದರು. "ಪಾಪ, ದೊಡ್ಡ ಮನುಷ್ಯರು, ಹೆಂಡತಿ ಮರ್ಯಾದೆ ಕಾಯ್ತಾರೆ" ಎಂದು ಬೀಗಿತಿ ಪಕ್ಕದವರಿಗೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು. ಮಲ್ಲೇಶಪ್ಪನವರು ಗಂಟಲು ಸರಿಮಾಡಿಕೊಂಡು, "ಮದುವೆಗೂ ಹೋಳಿಗೆ ತೋಟಪ್ಪನಿಗೇ ಹೇಳಿಬಿಡೋಣ, ಏನಂತೀರಿ?" ಎಂದರು.

"ಪರವಾಗಿಲ್ಲ" ಎಂದರು ನಮ್ಮವರು.

ನಾನು ಬೀಗಿತಿಯ ಎಲೆಗೆ ಇನ್ನೊಂದು ತೋಟಪ್ಪನ ಹೋಳಿಗೆ ಬಡಿಸಿ, ಮೇಲೆ ತುಪ್ಪ ಹಾಕಿದೆ.