ಬೀಸುಕಲ್ಲು ನಿಂತರೆ ಮಾಸ್ತರರ ಬಾಯಿ ಬಂದ್!

ಮಾಸ್ತರರಿಗೆ ಹೆದರುವ ಮಕ್ಕಳನ್ನು ನೀವು ಕಂಡಿರುತ್ತೀರಿ. ಮಕ್ಕಳಿಗೇ ಹೆದರುವ ಮಾಸ್ತರರನ್ನು ಕಂಡಿದ್ದೀರಾ? ನಾನು ಕಟ್ಟಿಕೊಂಡಿದ್ದೇ ಅಂಥವರನ್ನು! ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಬಾರದೆಂಬ ಶಾಸ್ತ್ರಕ್ಕಲ್ಲ. ಹೆಸರು ಕೂಗಿದರೆ ಪರೀಕ್ಷೆಗೆ ಕರೆದರೆಂದು ಗಾಬರಿಯಾದಾರು ಅಂತ.

ಮದ್ರಾಸ್ ಸರ್ಕಾರದ ಕಾಲ. ಕಂಪ್ಲಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡ ಮಠದ ಪಡಸಾಲೆಯೇ ಶಾಲೆ. ನಡುವೆ ಒಂದು ಮಣ್ಣಿನ ಗೋಡೆ, ಅದರಲ್ಲೊಂದು ಕಿಂಡಿ. ನಸುಕಿನಲ್ಲಿ ನಾನು ಜೋಳ ಬೀಸುವಾಗ ಇವರು ಎದುರಿಗೆ ಕುಳಿತು ಅವತ್ತಿನ ಪಾಠವನ್ನೆಲ್ಲ ನನಗೆ ಹೇಳಿ ನೋಡುವರು.

"ತಿಳೀತೇನ?"

"ತಿಳೀತ್ರೀ."

"ಖರೇನ? ನನಗ ಬ್ಯಾಸರ ಆದೀತಂತ ಅನ್ನಬ್ಯಾಡ."

"ನಮ್ಮ ಎಮ್ಮಿಗೂ ತಿಳದೈತಿ, ಹೋಗ್ರೀ!"

ಹೋಗುವಾಗ ಎಮ್ಮೆಯ ಮುಖವನ್ನೂ ಒಮ್ಮೆ ನೋಡಿಯೇ ಹೋಗುತ್ತಿದ್ದರು!

ಕಲ್ಲಿನ ಸದ್ದಿಗೆ ಇವರ ಬಾಯಿ ಎಷ್ಟು ಒಗ್ಗಿತ್ತೆಂದರೆ, ಅದು ಕೇಳದಿದ್ದರೆ ಶಾಲೆಯಲ್ಲಿ ಮಾತೇ ಹೊರಡದು. ಹೀಗಾಗಿ ಶಾಲೆಯ ಹೊತ್ತಿಗೂ ನಾನು ಗೋಡೆಯ ಈಚೆ ಬೀಸಬೇಕು. "ಮಾಸ್ತರರ ಹೆಂಡ್ತಿ ಅದೆಷ್ಟು ರೊಟ್ಟಿ ತಿಂತಾಳಪಾ!" ಎಂದು ಓಣಿಯೇ ನಕ್ಕಿತು.

ಬಳ್ಳಾರಿಯಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಪಾಠ ಸರಿಯಿಲ್ಲದಿದ್ದರೆ ಕೆಲಸ ಹೋಯಿತೆಂದು ಮೊದಲೇ ತಾಕೀತಾಗಿತ್ತು. ತುಂಗಭದ್ರಾ ನದಿಯ ಪಾಠ ಶುರುವಾಯಿತು, ನಾನೂ ಬೀಸತೊಡಗಿದೆ.

"ಏನ್ರೀ ಅದು ಗದ್ದಲ? ನಿಲ್ಲಸಾಕ ಹೇಳ್ರೀ!" ಸಾಹೇಬರ ದನಿ.

ನಿಲ್ಲಿಸಿದೆ. ಗೋಡೆಯಾಚೆ ಇವರ ಬಾಯಿಯೂ ನಿಂತಿತು. ತುಂಗಭದ್ರೆ 'ತುಂಗ'ದಲ್ಲೇ ಕೂತುಬಿಟ್ಟಳು! ಕೆಲಸ ಹೋದರೆ ನಾಳೆ ಈ ಬಡಜೀವ ಏನು ಮಾಡೀತು? ಎಮ್ಮೆಗೆ ಪಾಠ ಹೇಳೀತೇ?

ಕಿಂಡಿಗೆ ಬಾಯಿಟ್ಟು ಕೂಗಿದೆ: "ಸಾಹೇಬ್ರ ರೊಟ್ಟಿಗೇ ಹಿಟ್ಟು ಬೀಸಾಕತ್ತೀನ್ರೀ!"

ಸಾಹೇಬರು, "ಹಂಗಾರ ಬೀಸ್ಲಿ ಬಿಡ್ರೀ" ಎಂದರು.

ಬೀಸಿದೆ. ತುಂಗಭದ್ರೆ ಹರಿದಳು. ಜೋಳ ಮುಗಿದರೂ ಪಾಠ ಮುಗಿಯಲೊಲ್ಲದು. ಖಾಲಿ ಕಲ್ಲನ್ನೇ ತಿರುಗಿಸಿದೆ. ಮಧ್ಯಾಹ್ನ ಸಾಹೇಬರು ಉಂಡು ಎದ್ದು, "ಪಾಠ ಮಸ್ತ್ ಮಾಸ್ತರ. ರೊಟ್ಟಿಯಾಗ ಮಾತ್ರ ಕಲ್ಲು ಭಾಳ" ಎಂದು ಹೋದರು. ಕೆಲಸ ಉಳಿಯಿತು. ಇವರು ಒಳಗೆ ಬಂದು ಕೇಳಿದ್ದೇನು ಗೊತ್ತೇ?

"ಖರೇನ ಅಂದ್ರೋ, ಉಂಡ ಋಣಕ್ಕ ಅಂದ್ರೋ?"

ಈಗ ಊರಿಗೆ ಹಿಟ್ಟಿನ ಗಿರಣಿ ಬಂದಿದೆ. ಇವರು ಹೋಗಿಯೂ ಬಹಳ ಕಾಲವಾಯಿತು. ಒಮ್ಮೊಮ್ಮೆ ನಸುಕಿನಲ್ಲಿ ಕಲ್ಲಿನ ಮುಂದೆ ಕೂರುತ್ತೇನೆ.

"ಅತ್ತಿ, ಕಾಳೇ ಹಾಕಿಲ್ಲಲ್ರೀ!" ಎನ್ನುತ್ತಾಳೆ ಸೊಸೆ.

"ಗೊತ್ತೈತಿ, ಸುಮ್ನಿರು. ಅವರು ಏನರ ಹೇಳಾಕ ಹೊಂಟಿರ್ತಾರ."