ಇದ್ದವರು ಇದ್ದಲ್ಲೇ

ಪೆನಿಯಾಮಿನ ತನ್ನ ಮನೆಯ ತುಕ್ಕು ತಗಡನ್ನೆಲ್ಲ ಕಿತ್ತು, ಹೊಸ ತಗಡು ಹೊದಿಸಲು ಏಣಿ ಹತ್ತಿದ್ದೇ ತಪ್ಪಾಯಿತು. ಮೇಲಿಂದ ಕಂಡಿತು: ಅಂಗಳದಾಚೆ, ಅಜ್ಜನ ಸಮಾಧಿಯ ಪಕ್ಕದಲ್ಲೇ, ದಾಯಾದಿ ಸೆತು ನಾಲ್ಕಾರು ಜನರನ್ನು ಕಟ್ಟಿಕೊಂಡು ಕಂಬ ನೆಟ್ಟು ತೆಂಗಿನ ಗರಿಯ ಸೂರು ಹೊದಿಸುತ್ತಿದ್ದಾನೆ!

ಜೀಗುಜ್ಜೆ ಮರದ ಜಗಳವಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಸೆತುವಿಗೆ ರಸ್ತೆಯಾಚೆ ಸ್ವಂತ ಮನೆಯಿದೆ. ಸಾಲದೆಂದು ಅಜ್ಜನ ಜಾಗಕ್ಕೂ ಕೈ! ಎಂಥ ಅನ್ಯಾಯ! ಪೆನಿಯಾಮಿನ ಸುತ್ತಿಗೆ ಬಿಸಾಡಿ ರಾಜಧಾನಿ ಅಪಿಯಾದ ಬಸ್ಸು ಹತ್ತಿದ.

ಕೋರ್ಟಿನಲ್ಲಿ ಅತ್ತ, ಗುಡುಗಿದ, "ಇದು ಪೂರ್ತಿ ನಮ್ಮಜ್ಜನ ಜಾಗ" ಎಂದು ಮೇಜು ಕುಟ್ಟಿದ. ಮಧ್ಯಾಹ್ನಕ್ಕೆ ತಡೆಯಾಜ್ಞೆ ಸಿಕ್ಕಿತು. ವಿಚಾರಣೆ ಮುಗಿಯುವವರೆಗೆ ಆ ಜಾಗದಲ್ಲಿ ಯಾರೂ ಏನನ್ನೂ ಕಟ್ಟಕೂಡದು, ಕೆಡವಕೂಡದು. ಇದ್ದವರು ಇದ್ದಲ್ಲೇ ಇರಬೇಕು, ಹೊಸಬರು ಹೊಗಕೂಡದು. ಬಸ್ಸಿನಲ್ಲಿದ್ದವರಿಗೆಲ್ಲ ಅದನ್ನು ಓದಿ ಹೇಳುತ್ತಾ ಬಂದ.

ಊರ ಮುಖ್ಯಸ್ಥ ತುವಾಲ ಆಜ್ಞೆಯನ್ನು ಗಟ್ಟಿಯಾಗಿ ಓದಿದ. ಸೆತು ಸೂರಿನಿಂದ ಕೆಳಗಿಳಿದು ರಸ್ತೆ ದಾಟಿ ಹೋದ.

"ಆ ಸೂರು ಕೀಳ್ಸಿ ಮಾವ!"

"ಕೆಡವಬಾರ್ದು ಅಂತಿದೆಯಲ್ಲೋ."

"ಅದಿನ್ನೂ ಅರ್ಧ ಮನೆ! ಗೋಡೆನೇ ಇಲ್ಲ!"

"ಕಂಬ ಇದೆ, ಸೂರಿದೆ. ನಮ್ಮೂರಲ್ಲಿ ಅಷ್ಟಿದ್ರೆ ಮನೆನೇ. ಗೋಡೆ ಶೋಕಿ ನಿಂಗೊಬ್ಬಂಗೇ."

ಪೆನಿಯಾಮಿನ ಹಲ್ಲು ಕಡಿದು ತನ್ನ ಏಣಿ ಹತ್ತಿದ. ಮೋಡ ಕವಿಯುತ್ತಿತ್ತು.

"ಏಯ್, ಇಳಿ ಕೆಳಗೆ! ಕಟ್ಟಬಾರ್ದು" ಎಂದ ತುವಾಲ.

"ಇದು ನನ್ನ ಮನೆ!"

"ಪೂರ್ತಿ ಅಜ್ಜನ ಜಾಗ ಅಂತ ಮೇಜು ಕುಟ್ಟಿದ್ಯಂತೆ. ಇದೂ ಅದ್ರಲ್ಲೇ ಬಂತು."

ಬೇಲಿಯ ಮೇಲೆ ಕೂತಿದ್ದ ಅಕ್ಕಪಕ್ಕದವರು ಹೌದೆಂದು ತಲೆಯಾಡಿಸಿದರು. ಟಾರ್ಪಾಲು ತಂದರೆ ಅದನ್ನೂ ಬಿಡಲಿಲ್ಲ. ಹೊದಿಸಿದ ಮೇಲೆ ಅದೂ ಸೂರೇ ಎಂದು ತೀರ್ಪು ಕೊಟ್ಟರು. ಕೋರ್ಟಿನ ಮೆಟ್ಟಿಲನ್ನೇ ಕಾಣದ ಇವರೆಲ್ಲ ಈಗ ನ್ಯಾಯಾಧೀಶರು!

"ನಾನು ತಂದ ಆಜ್ಞೆ ನನ್ನ ತಲೆ ಮೇಲೇನಾ?" ಎಂದು ಅವನು ಕಿರುಚುತ್ತಿದ್ದಂತೆ ಮಳೆ ಧೋ ಎಂದು ಸುರಿಯಿತು. ಅವನ ಮನೆಯ ನಾಲ್ಕು ಗೋಡೆಗಳ ನಡುವೆ ಕೆರೆ ನಿಂತಿತು. ಆಗ ಕಣ್ಣಿಗೆ ಬಿತ್ತು: ಸೆತು ಕಟ್ಟಿದ ಸೂರಿನಡಿ, ಚಾಪೆ ಹಾಸಿಕೊಂಡು, ಅವನ ಹೆತ್ತ ತಾಯಿ!

"ಅಮ್ಮಾ! ಆ ಶತ್ರು ಮನೇಲಿ ಏನ್ ಮಾಡ್ತಿದೀಯ?"

"ಯಾರೋ ಶತ್ರು? ನೀನು ತಗಡು ಕಿತ್ತಾಗ ಮಳೆ ಬಂದ್ರೆ ಗತಿಯೇನು ಅಂತ ನಾನೇ ಸೆತೂನ ಕೇಳ್ಕೊಂಡೆ. ನಮ್ಮಿಬ್ಬರಿಗೇ ಅಂತ ಕಟ್ತಿದ್ದ ಕಣೋ. ನಿಂಗೆ ಹೇಳಿದ್ರೆ ಒಪ್ತಿದ್ಯಾ? ನೀನು ಬಸ್ ಹತ್ತಿದ ಕೂಡ್ಲೇ ಬಂದು ಕೂತೆ."

ಪೆನಿಯಾಮಿನ ಆ ಕಡೆ ಓಡಿದ. ತುವಾಲ ಅಡ್ಡ ನಿಂತ.

"ಅಮ್ಮ ಮೊದ್ಲೇ ಇದ್ರು, ಇರ್ಲಿ. ನೀನು ಹೊಸಬ."

"ವಿಚಾರಣೆ ಯಾವಾಗ ಮುಗಿಯುತ್ತೆ ಮಾವ?"

"ನಮ್ಮಪ್ಪ ಹಾಕಿದ್ ಕೇಸೇ ಇನ್ನೂ ನಡೀತಿದೆ. ಅಪ್ಪ ಹೋಗಿ ಎಷ್ಟು ಕಾಲ ಆಯ್ತೋ!"

ಅಷ್ಟರಲ್ಲಿ ಸೆತು ರಸ್ತೆ ದಾಟಿ ಬಂದು, ಮಾತಿಲ್ಲದಿದ್ದರೂ, ಒಂದು ಕೊಡೆ ಚಾಚಿದ. ಪೆನಿಯಾಮಿನ ನಾಚಿಕೆ ನುಂಗಿಕೊಂಡು ಕೈ ನೀಡಿದ.

"ತಡಿ" ಎಂದ ತುವಾಲ ಕೊಡೆಯನ್ನು ಬಿಡಿಸಿ ನೋಡಿದ. "ಕಂಬ ಇದೆ. ಸೂರೂ ಇದೆ. ಬೇಡಪ್ಪ."